ಕಂಪ್ಯೂಟರಿನೊಳಗಿನ ಅಜ್ಜಿಯರು

ಮಹಡಿ ಕೋಣೆ
ಜೂನ್ ೧೨, ಬೆಳಿಗ್ಗೆ

ಪ್ರೀತಿಯ ಅಜ್ಜಿ,

ಮಂಡಿ ಹೇಗಿದೆ? ಊತ ಇಳಿಯಿತೇ? ವ್ಯಾಯಾಮ ಮುಗಿಸಿದೆ ಎಂದು ದೊಡ್ಡಮ್ಮನಿಗೆ ಸುಳ್ಳು ಹೇಳಿ ಮಲಗುತ್ತೀಯಂತೆ, ಸುದ್ದಿ ಬಂದಿದೆ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ, ನನ್ನ ತಲೆಯೊಂದು ಬಿಟ್ಟು. ಅದು ವಾರದಿಂದ ಕೊತಕೊತ ಕುದಿಯುತ್ತಿದೆ.

ವಿಶ್ವವಿದ್ಯಾಲಯದಲ್ಲಿ ನೀನು ಮಾಡುವುದಾದರೂ ಏನು ಎಂದು ಕೇಳುತ್ತಿದ್ದೆಯಲ್ಲ, ಕೇಳು. ಕಂಪ್ಯೂಟರಿನೊಳಗೆ ನಮ್ಮ ಊರಿನಂಥದ್ದೇ ಒಂದು ಊರು ಕಟ್ಟಿದ್ದೇವೆ. ಅಲ್ಲಿನ ಜನ ಕಾಯಿಲೆ ಬೀಳುತ್ತಾರೆ, ಆಸ್ಪತ್ರೆಗೆ ನಡೆಯುತ್ತಾರೆ. ನಗರಸಭೆಯವರು ಏನನ್ನಾದರೂ ಬದಲಿಸುವ ಮೊದಲು ಆ ಊರಿನಲ್ಲಿ ಬದಲಿಸಿ ನೋಡುತ್ತಾರೆ. ಈಗ ನಮ್ಮ ಬೀದಿ ಕೊನೆಯ ಕ್ಲಿನಿಕ್ ಮುಚ್ಚಬೇಕೆಂದಿದ್ದಾರೆ. ಹೌದು, ನೀನು ದೊಡ್ಡಮ್ಮನ ಮನೆಯಿಂದ ವಾಪಸು ಬಂದ ಮೇಲೆ ಮಂಡಿ ತೋರಿಸಬೇಕಾದ ಕ್ಲಿನಿಕ್ಕೇ. ಮುಚ್ಚಿದರೂ ತೊಂದರೆಯಿಲ್ಲ, ಎಲ್ಲರೂ ರೈಲುಹಳಿಯ ಮೇಲಿನ ಸೇತುವೆ ದಾಟಿ ದೊಡ್ಡಾಸ್ಪತ್ರೆಗೆ ಆರಾಮಾಗಿ ಹೋಗುತ್ತಾರೆ ಎನ್ನುತ್ತದೆ ನಮ್ಮ ವರದಿ.

ಅದು ಹೇಗೆ ಎಂದು ಕೆದಕಿದೆ. ನಡಿಗೆಯ ವೇಗ ಅಳೆದದ್ದು ಎಲ್ಲಿ ಗೊತ್ತೇ? ನಮ್ಮ ವಿಭಾಗದ ಕಾರಿಡಾರಿನಲ್ಲಿ, ಊಟದ ಹೊತ್ತಿಗೆ ಕ್ಯಾಂಟೀನಿಗೆ ಧಾವಿಸುವ ವಿದ್ಯಾರ್ಥಿಗಳನ್ನು ನೋಡಿ. ಆ ಹಸಿದವರ ಕಾಲುಗಳನ್ನೇ ಊರಿನ ಮುದುಕ ಮುದುಕಿಯರಿಗೆಲ್ಲ ಜೋಡಿಸಿಬಿಟ್ಟಿದ್ದಾರೆ. ಅಲ್ಲಿ ನಿನ್ನಂಥ ಅಜ್ಜಿಯರು ಸೇತುವೆಯ ಮೆಟ್ಟಿಲನ್ನು ಏದುಸಿರು ಬಿಡದೆ ಹತ್ತುತ್ತಾರೆ. ಯಾರ ಗೇಟಿನ ಮುಂದೂ ಮಾತಿಗೆ ನಿಲ್ಲುವುದಿಲ್ಲ. ವಯಸ್ಸಾದವರ ನಡಿಗೆ ಹಾಕಿ ನಾನು ಮತ್ತೆ ಲೆಕ್ಕ ಮಾಡಿದರೆ, ಅವರಲ್ಲಿ ಅರ್ಧಕ್ಕರ್ಧ ಜನ ಆಸ್ಪತ್ರೆಗೆ ಹೋಗುವುದನ್ನೇ ಬಿಟ್ಟರು.

ಪ್ರೊಫೆಸರಿಗೆ ತೋರಿಸಿದೆ. "ಆವರೇಜ್ ಅಂದ್ರೆ ಆವರೇಜ್ ಕಣಮ್ಮ. ಒಬ್ಬೊಬ್ರ ಅಜ್ಜಿನೂ ಹಿಡ್ಕೊಂಡು ಕೂತ್ರೆ ಕೆಲಸ ಆಗತ್ತಾ?" ಎಂದು ನಕ್ಕರು. ಮೈಯೆಲ್ಲ ಉರಿದುಹೋಯಿತು, ಅಜ್ಜಿ. ಅವರ ತಾಯಿಯನ್ನು ಕಾರು ಆಸ್ಪತ್ರೆಯ ಬಾಗಿಲಲ್ಲೇ ಇಳಿಸುತ್ತದೆ. ಗೊತ್ತಿಲ್ಲದೆ ಆದದ್ದನ್ನು ತಪ್ಪು ಎನ್ನೋಣ. ಗೊತ್ತಾದ ಮೇಲೂ ಮುಚ್ಚಿಡುವುದಕ್ಕೆ ನನ್ನ ಬಾಯಿಗೆ ಬರುವ ಮಾತನ್ನು ಇಲ್ಲಿ ಬರೆದರೆ ನೀನೇ ಬೈಯುತ್ತೀಯ.

ಮಾತ್ರೆ ತಪ್ಪಿಸಬೇಡ. ದೊಡ್ಡಮ್ಮ, ದೊಡ್ಡಪ್ಪನಿಗೆ ನಮಸ್ಕಾರ. ನಿನಗೆ ಇಲ್ಲಿಂದಲೇ ಅಡ್ಡಬಿದ್ದಿದ್ದೇನೆ, ಆಶೀರ್ವಾದ ಮಾಡು, ಈಗ ಬೇಕಾಗಿದೆ.

ನಿನ್ನ
ಬಾಯಿಬಡುಕಿ

ಇದನ್ನು ಹೇಳದೆ ಲಕೋಟೆ ಅಂಟಿಸುವುದರಲ್ಲಿದ್ದೆ: ವರದಿಯಿಂದ ನನ್ನ ಹೆಸರು ತೆಗೆಸಿ, ನಗರಸಭೆಗೆ ಎಲ್ಲವನ್ನೂ ಹೇಳಿಬಿಟ್ಟೆ. ಕೆಲಸ ಹೋಯಿತು. ಅಪ್ಪನಿಗೆ ನಾನೇ ಹೇಳುತ್ತೇನೆ, ನೀನು ಬಾಯಿ ಬಿಡಬೇಡ. ಸದಸ್ಯರು ನನ್ನ ಮಾತು ನಂಬಲಿಲ್ಲ, ವಯಸ್ಸಾದವರೊಬ್ಬರ ಜೊತೆ ದೊಡ್ಡಾಸ್ಪತ್ರೆಯವರೆಗೆ ನಡೆದೇ ನೋಡುತ್ತಾರಂತೆ. ನಿನ್ನ ಹೆಸರು ಕೊಟ್ಟಿದ್ದೇನೆ. ಡಾಕ್ಟರು ಹೂಂ ಅಂದರೆ ಸೋಮವಾರ ಬಾ. ಹೊಸಬರ ಮುಂದೆ ಜಂಭಕ್ಕೆ ಬಿರಬಿರನೆ ನಡೆಯುವುದು ನಿನ್ನ ಚಟ, ನನಗೆ ಗೊತ್ತಿಲ್ಲವೇ. ಅವತ್ತೊಂದು ದಿನ, ನೋವಾದ ಕಡೆಯಲ್ಲೆಲ್ಲ ನಿಂತುಬಿಡು ಅಜ್ಜಿ.