ಮೇಜಿನಡಿಯ ವೈರು

ಪುಟ್ಟೀ,

ಹಾಲು ಕಾಯಿಸಿಟ್ಟಿದ್ದೀನಿ, ಆರಿದ್ದರೆ ಬಿಸಿ ಮಾಡ್ಕೋ. ನಾನು ಬರೋವರೆಗೂ ಅಂಗಡಿ ಬಾಗಿಲು ತೆಗೀಬೇಡ.

ನಿನ್ನ ಲ್ಯಾಪ್‌ಟಾಪ್‌ಗೆ ಏನೂ ಆಗಿಲ್ಲ. ವಾಕಿಟಾಕಿಗೆ ಚಾನೆಲ್ ತುಂಬೋ ಆ ಓಬೀರಾಯನ ಕಾಲದ ಸಾಫ್ಟ್‌ವೇರನ್ನ ನೀನು ಹೊಸದರಲ್ಲಿ ಕೂರಿಸಿದ್ದು ಸರಿಯಾಗೇ ಇದೆ. ನಿನ್ನೆ ನಾನು ವಾಕಿಟಾಕಿಗೆ ಸಿಕ್ಕಿಸಿದ ವೈರಿನ ಇನ್ನೊಂದು ತುದಿ, ಮೇಜಿನಡಿ ಸತ್ತುಬಿದ್ದಿರೋ ಹಳೇ ಕಂಪ್ಯೂಟರಿನಲ್ಲೇ ಇತ್ತು. ಕೈಗೆ ಅದೇ ಅಭ್ಯಾಸ. ನೀನು ತಂದ ವೈರು ಲ್ಯಾಪ್‌ಟಾಪ್ ಪಕ್ಕದಲ್ಲೇ ನೇತಾಡ್ತಿತ್ತು, ಅದಕ್ಕೆ ನೀನೇ ಬರೆದು ಅಂಟಿಸಿದ ಚೀಟಿ ಬೇರೆ: "ಅಪ್ಪಾ, ಇದು."

ನಾನು ನೋಡಲಿಲ್ಲ. ಚಾನೆಲ್ ತುಂಬಲೇ ಇಲ್ಲ. "ಹೊಸದು ಹೊಸದು ಅಂತ ಕುಣಿದು ನನ್ನ ಹೊಟ್ಟೆ ಮೇಲೆ ಹೊಡೆದೆ" ಅಂತ ವಾಕಿಟಾಕಿ ತಂದುಕೊಟ್ಟಿದ್ದ ಕ್ರೇನ್ ಮೇಸ್ತ್ರಿ ಎದುರಿಗೇ ನಿನ್ನ ಮೇಲೆ ಕೂಗಾಡಿದೆ. ನೀನು ಎದ್ದು ಒಳಗೆ ಹೋದೆ. ತಿರುಗಿ ಒಂದು ಮಾತಾದ್ರೂ ಅನ್ನಬಾರದಿತ್ತಾ?

ಬೆಳಿಗ್ಗೆ ಕಸ ಗುಡಿಸುವಾಗ ವೈರು ಕಣ್ಣಿಗೆ ಬಿತ್ತು. ಪೊರಕೆ ಹಿಡ್ಕೊಂಡೇ ಭೂಮಿಗೆ ಇಳಿದುಹೋದೆ. ಆಮೇಲೆ ನಿನ್ನ ವೈರು ಹಾಕಿದೆ. ಒಂದೇ ಏಟಿಗೆ ಎಲ್ಲಾ ವಾಕಿಟಾಕಿಗೂ ಚಾನೆಲ್ ತುಂಬಿತು.

ಈಗ ಅವನ್ನ ಮೇಸ್ತ್ರಿಗೆ ಕೊಡೋಕೆ ಹೋಗ್ತಿದ್ದೀನಿ. ಒಂದನ್ನ ಈ ಚೀಟಿ ಪಕ್ಕದಲ್ಲೇ ಬಿಟ್ಟಿದ್ದೀನಿ, ಆನ್ ಮಾಡಿಟ್ಟುಕೋ. ಅವರ ಕೆಲಸ ಹಿಂದಿನ ಬೀದೀಲಿ ತಾನೇ, ಕೇಳುತ್ತೆ. ಅಲ್ಲಿಂದ ಅದರಲ್ಲೇ ನಿನ್ನ ಕರೀತೀನಿ. ಬೈದದ್ದು ಒಬ್ಬ ಮೇಸ್ತ್ರಿ ಎದುರಿಗೆ. ತಪ್ಪು ನಂದು ಅನ್ನೋದನ್ನ ಕ್ರೇನಿನವರೆಲ್ಲ ತಮ್ಮ ತಮ್ಮ ವಾಕಿಟಾಕೀಲಿ ಕೇಳಿಸ್ಕೊಳ್ಳಲಿ.

ಮಾತಾಡೋಕೆ ಮನಸ್ಸಿಲ್ಲದಿದ್ದರೆ ಗುಂಡಿ ಒಂದು ಸಲ ಒತ್ತಿ ಬಿಡು. ನೀನು ಅಲ್ಲೇ ಇದ್ದೀಯ ಅಂತ ತಿಳ್ಕೋತೀನಿ.

ಅಪ್ಪ