ಮರ ನನ್ನದು, ಸಹಿ ಅಣ್ಣನದು, ನಲ್ಲಿ ಅತ್ತಿಗೆಯ ಊರಿಗೆ

ನಮ್ಮ ದ್ವೀಪದ ಕಾಡುಪ್ರಾಣಿಗಳನ್ನು ಕಾಯುವ ಕಚೇರಿಯ ಮುಖ್ಯಸ್ಥರಾದ ಮಾನ್ಯರೇ,

ನನ್ನ ಜಮೀನಿನಲ್ಲಿರುವ ಬಾವಲಿ ಮರವನ್ನು ತಾವು ನನ್ನ ಅಣ್ಣನಿಂದ ಬರೆಸಿಕೊಂಡಿದ್ದೀರಿ. ಆ ಮರ ಅವನದಲ್ಲ. ಅವನ ಸಹಿಗೆ ಪ್ರತಿಯಾಗಿ ಕೊಟ್ಟ ನೀರಿನ ನಲ್ಲಿ ಅವನ ಹೆಂಡತಿಯ ಊರಿಗೆ ಹೋಯಿತು. ಮರ ಕಡಿಯಬಾರದು, ಅದರ ಬುಡದಲ್ಲಿ ಅಗೆಯಬಾರದು, ನೆಡಬಾರದು ಎಂಬ ನಿಷೇಧ ಮಾತ್ರ ನನ್ನ ಪಾಲಿಗೆ ಬಂತು. ಆ ನಿಷೇಧ ಮುರಿದೆನೆಂದು ತಮ್ಮ ಸಿಬ್ಬಂದಿ ಬಂದು ನನ್ನ ಕೆಸುವನ್ನೂ ಬಾಳೆಯನ್ನೂ ಬೇರುಸಹಿತ ಕಿತ್ತರು. ಮರುವಾರವೇ ಮಳೆ ಹಿಡಿಯಿತು, ಬೋಳು ಇಳಿಜಾರಿನ ಮಣ್ಣು ಕೊಚ್ಚಿಕೊಂಡು ಹೋಯಿತು, ಈಗ ಮರ ಕಣಿವೆಯ ಕಡೆಗೆ ವಾಲಿ ನಿಂತಿದೆ. ಇಷ್ಟೆಲ್ಲ ಆದ ಮೇಲೆ ಮೊನ್ನೆ ತಾವು ರೇಡಿಯೋದಲ್ಲಿ, ಗ್ರಾಮಸ್ಥರ ಅಜ್ಞಾನದಿಂದಾಗಿ ನಮ್ಮ ಅಪೂರ್ವ ಬಾವಲಿ ವಿನಾಶದ ಅಂಚಿಗೆ ಬಂದಿದೆ ಎಂದು ಗದ್ಗದ ಕಂಠದಲ್ಲಿ ಹೇಳಿದಿರಿ. ಆ ಅಜ್ಞಾನಿ ನಾನೇ. ಓದುಬರಹ ಬಲ್ಲ ಅಜ್ಞಾನಿಯಾದ್ದರಿಂದ ಪತ್ರಿಕೆಯ ಮೂಲಕ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ.

ತಾವು ಪರದೇಶದಿಂದ ಬಂದವರಾಗಿದ್ದರೆ ಕ್ಷಮಿಸಬಹುದಿತ್ತು. ಪ್ಯಾರಿಸ್ಸಿನಲ್ಲಿ ಓದಿದ್ದೀರಂತೆ, ಆದರೆ ಹುಟ್ಟಿದ್ದು ನಮ್ಮ ಈ ಅಂಜುವಾನ್ ದ್ವೀಪದಲ್ಲೇ ತಾನೆ? ಇಲ್ಲಿ ಮನೆಯೂ ಮಣ್ಣೂ ತಾಯಿಯಿಂದ ಮಗಳಿಗೆ ಬರುತ್ತದೆ, ಗಂಡಸು ಮದುವೆಯಾಗಿ ಹೆಂಡತಿಯ ಮನೆ ಸೇರುತ್ತಾನೆ ಎಂಬುದನ್ನು ತಮಗೆ ನಾನು ಹೇಳಿಕೊಡಬೇಕೇ? ತಾವೇ ಹೆಂಡತಿಯ ಮನೆಯಲ್ಲಿ ಇದ್ದೀರಿ. ನಾಳೆ ಆ ತಾಯಿಗೆ ಸಿಟ್ಟು ಬಂದು ತಮ್ಮ ಚಾಪೆಯನ್ನು ಬೀದಿಗೆ ಎಸೆದರೆ, ತಮ್ಮ ಹುದ್ದೆ, ಜೀಪು, ಮೊಹರು ಯಾವುದೂ ತಮ್ಮನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮನೆಯೊಳಗೆ ಇಷ್ಟು ಚೆನ್ನಾಗಿ ಗೊತ್ತಿರುವ ಸತ್ಯ ಕಚೇರಿಯ ಮೆಟ್ಟಿಲು ಹತ್ತುವಾಗ ಎಲ್ಲಿ ಕಳಚಿ ಬೀಳುತ್ತದೆ?

ಆ ಒಪ್ಪಂದ ಆದದ್ದು ಹೇಗೆ ಎಂಬುದನ್ನು ಓದುಗರೂ ತಿಳಿಯಲಿ. ಹೆಂಗಸರು ಕೂರದ ಬಾಂಗ್ವೆ ಕಟ್ಟೆಯಲ್ಲಿ ಸಭೆ ಕರೆದಿರಿ. ತಂಪು ಪಾನೀಯ ಹಂಚಿ, ಬಾವಲಿ ಮರ ಯಾರದು ಎಂದು ಕೇಳಿದಿರಿ. ಆ ದಿನ ಜುಮ್ಮಾ ನಮಾಜಿಗೆಂದು ತವರೂರಿಗೆ ಬಂದಿದ್ದ ನನ್ನ ಅಣ್ಣ ದೊಯಿಹಿರನ ಕಡೆ ಎಲ್ಲರೂ ತಿರುಗಿದರು. ಅವನು ಸಹಿ ಹಾಕಿ, ತಮ್ಮ ಜೊತೆ ಫೋಟೋ ತೆಗೆಸಿಕೊಂಡು ಬಂದ. ಸಮುದಾಯದೊಂದಿಗೆ ಸಮಾಲೋಚನೆ ಎಂದು ತಾವು ಬರೆದುಕೊಂಡದ್ದು ಇದನ್ನೇ. ಅತ್ತೆ ಸೊತ್ತನ್ನು ಅಳಿಯ ದಾನ ಮಾಡಿದ ಅನ್ನುತ್ತಾರೆ, ಇಲ್ಲಿ ತಂಗಿ ಸೊತ್ತನ್ನು ಅಣ್ಣ ಮಾಡಿದ.

ಸಂಜೆ ನಾನು ಅವನನ್ನು ಅಂಗಳದಲ್ಲೇ ನಿಲ್ಲಿಸಿಕೊಂಡೆ.

"ಏನಣ್ಣ, ಮರ ಯಾವಾಗಿಂದ ನಿಂದಾಯ್ತು?"

"ಅವ್ರು ಕುರ್ಚಿ ಹಾಕಿ ಕೂರಿಸಿದ್ರು ಜೈತೂನಿ. ಪೆನ್ನು ಕೈಗೇ ಕೊಟ್ರು. ಅಷ್ಟು ಜನ ಗಂಡಸರ ಮುಂದೆ 'ಇದು ನಂದಲ್ಲ, ನನ್ನ ತಂಗೀದು' ಅಂತ ಹೆಂಗೆ ಹೇಳ್ಲಿ? ಮರ್ಯಾದೆ ಪ್ರಶ್ನೆ."

"ನಿನ್ನ ಮರ್ಯಾದೆ ಉಳೀತು. ನನ್ನ ಕೆಸು ಎಲ್ಲಿ ನೆಡ್ಲಿ, ನಿನ್ನ ಟೋಪಿ ಮೇಲಾ?"

"ನೀರು ಬರುತ್ತಂತೆ ಕಣೆ. ನಲ್ಲಿ ಹಾಕ್ತಾರಂತೆ."

ನೀರು ಬಂದದ್ದು ನಿಜ. ಸಹಿ ಹಾಕಿದವನ ವಾಸಸ್ಥಳ ಎಲ್ಲಿ ಎಂದು ತಮ್ಮ ಕಚೇರಿ ವಿಚಾರಿಸಿತು. ಅವನು ಪ್ರಾಮಾಣಿಕವಾಗಿ ಹೆಂಡತಿಯ ಊರು ಹೇಳಿದ. ತಾವು ಅಷ್ಟೇ ಪ್ರಾಮಾಣಿಕವಾಗಿ ಗುಡ್ಡದಾಚೆಗೆ ಪೈಪು ಹಾಕಿದಿರಿ. ಈಗ ನನ್ನ ಅತ್ತಿಗೆ ಬಾಗಿಲಲ್ಲೇ ಬಟ್ಟೆ ಒಗೆಯುತ್ತಾಳೆ. ನಾನು ಹೊಳೆಗೆ ಇಳಿಯುತ್ತೇನೆ. ಹಬ್ಬಕ್ಕೆ ಹೋದಾಗ ಅವಳು ಲೋಟ ಮುಂದೆ ಹಿಡಿದು, "ಕುಡಿ ಜೈತೂನಿ, ನಿನ್ನ ಮರದ ನೀರು" ಅಂದಳು. ಒಳ್ಳೆಯ ಹೆಂಗಸು, ಚುಚ್ಚಬೇಕೆಂದು ಅಂದದ್ದಲ್ಲ, ಆದರೂ ನಾನು ಲೋಟವನ್ನು ಹಾಗೇ ಕೆಳಗಿಟ್ಟೆ.

ಇನ್ನು ನಾನು ನಿಷೇಧ ಮುರಿದ ವಿಚಾರ. ಹೌದು, ನೆಟ್ಟೆ. ಯಾರೋ ಕೊಟ್ಟ ಮಾತನ್ನು ನಾನೇಕೆ ಉಳಿಸಿಕೊಳ್ಳಲಿ? ಆ ಇಳಿಜಾರಿನಲ್ಲಿ ಅಗೆಯುವುದು ಮರಕ್ಕೆ ಒಳ್ಳೆಯದಲ್ಲ ಎಂದು ತಾವು ಹೇಳಬಹುದು, ಅದು ನಿಜವೂ ಇರಬಹುದು. ನನ್ನನ್ನು ಕೂರಿಸಿಕೊಂಡು ಹೇಳಿದ್ದರೆ ಕೇಳುತ್ತಿದ್ದೆ. ಯಾರೂ ಹೇಳಲಿಲ್ಲ. ಬದಲಿಗೆ ಒಂದು ಬೆಳಿಗ್ಗೆ ಪೊಲೀಸರ ಜೊತೆಗೆ ತಮ್ಮ ಸಿಬ್ಬಂದಿ ಕತ್ತಿ ಹಿಡಿದು ಬಂದರು. ಅವರ ಮುಂದಾಳು ಇಸ್ತ್ರಿ ಮಾಡಿದ ಸಮವಸ್ತ್ರದ ಒಬ್ಬ ಸಣ್ಣ ಅಧಿಕಾರಿ.

"ಅಮ್ಮ, ಪಕ್ಕಕ್ಕೆ ಬನ್ನಿ. ಇದು ಸಂರಕ್ಷಿತ ಜಾಗ. ಮಾಲೀಕರು ಒಪ್ಪಿ ಸಹಿ ಹಾಕಿದ್ದಾರೆ."

"ಮಾಲೀಕಳು ನಾನೇ ಕಣಪ್ಪ."

"ಹಂಗಂತ ನಮ್ಮ ಕಾಗದದಲ್ಲಿ ಇಲ್ವಲ್ಲಮ್ಮ."

"ನಿಮ್ಮಮ್ಮನ ಮನೆ ಯಾರ ಪಾಲಿಗೆ ಬಂತಪ್ಪ? ನಿಂಗೋ, ನಿನ್ನ ತಂಗೀಗೋ?"

ಅವನು ನೆಲ ನೋಡಿದ. "ತಂಗೀಗೆ. ಆದ್ರೆ ಅದು ಮನೆ ವಿಷ್ಯ. ಇದು ಸರ್ಕಾರ."

ಆಮೇಲೆ ಬಾಳೆ ಕಡಿದು, ಕೆಸು ಕೀಳಲು ಶುರು ಮಾಡಿದರು. ಕೂಗಾಟಕ್ಕೆ, ಬಾಳೆ ಉರುಳುವ ಸದ್ದಿಗೆ ಮರದ ತುಂಬ ನೇತಾಡುತ್ತಿದ್ದ ಬಾವಲಿಗಳು ಹಾಡಹಗಲಲ್ಲಿ ಒಟ್ಟಿಗೆ ಮೇಲೆದ್ದವು. ಅದು ತಾಯಂದಿರು ಮರಿಯನ್ನು ಎದೆಗೆ ಕಟ್ಟಿಕೊಂಡಿರುವ ಕಾಲ. ಇದು ತಮ್ಮ ಕಚೇರಿಯ ಬಾಗಿಲಲ್ಲಿ ಅಂಟಿಸಿರುವ ಚಿತ್ರಪಟದಲ್ಲೇ ಇದೆ. ಮರಿಗಳು ಕೆಳಗೆ ಬಿದ್ದವು. ಕೆಲವು ಬಿದ್ದಲ್ಲೇ ಸತ್ತವು. ಬಾವಲಿಯನ್ನು ಉಳಿಸಲು ಬಂದವರ ಬೂಟುಗಾಲಿನ ಸುತ್ತ ಬಾವಲಿಯ ಮರಿಗಳು ಸತ್ತು ಬಿದ್ದಿದ್ದವು, ಮಾನ್ಯರೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುವ ಗಾದೆಯಿದೆ. ತಾವು ಎಮ್ಮೆಗೂ ಬರೆ ಹಾಕಿದಿರಿ, ಎತ್ತಿನ ಕತ್ತನ್ನೂ ಹಿಸುಕಿದಿರಿ.

ನನಗೆ ಬಾವಲಿಗಳ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. ಅವು ಹೇಲದ ಬಟ್ಟೆ ನನ್ನ ಹಗ್ಗದ ಮೇಲಿಲ್ಲ. ಆದರೆ ಆ ದಿನ ಒಂದು ಮರಿ ನಾನು ಹೊದ್ದಿದ್ದ ಶಿರೋಮಾನಿ ಬಟ್ಟೆಯ ಅಂಚಿಗೆ ಉಗುರು ಸಿಕ್ಕಿಸಿಕೊಂಡು ನೇತಾಡಿತು. ಬಿಡಿಸಿದಷ್ಟೂ ಬಿಡಲಿಲ್ಲ. ಕೊನೆಗೆ ಅದನ್ನು ಒಂದು ತಗ್ಗು ಕೊಂಬೆಗೆ ದಾಟಿಸಿ ದೂರ ನಿಂತೆ. ಜನರೆಲ್ಲ ಹೋದ ಮೇಲೆ ತಾಯಿ ಬಂತು, ಮರಿಯ ಮೂತಿಯನ್ನು ಮೂಸಿತು, ರೆಕ್ಕೆಯೊಳಗೆ ಸೇರಿಸಿಕೊಂಡು ಹಾರಿಹೋಯಿತು. ಅವರು ಕಿತ್ತು ಹಾಕಿದ್ದ ಕೆಸುವಿನ ರಾಶಿಯ ಮೇಲೆ ಕುಳಿತು ನಾನು ಅತ್ತೆ. ಬೆಳೆ ಹೋದದ್ದಕ್ಕೆ ಅಳುತ್ತಿದ್ದಾಳೆ ಎಂದುಕೊಂಡು ನೆರೆಯವರು ಸಮಾಧಾನ ಮಾಡಿದರು.

ತಮ್ಮ ಚಿತ್ರಪಟದಲ್ಲಿ ನಮ್ಮ ಕಾಡುಪ್ರಾಣಿಗಳೆಲ್ಲ ಸಾಲಾಗಿ ಇವೆ: ಕೊಂಬಾ ಎಂಬ ನಮ್ಮ ಉದ್ದ ಬಾಲದ ಮರಕೋತಿ, ಕಡಲಹಸು, ಈ ಬಾವಲಿ. ಒಂದೊಂದರ ಕೆಳಗೂ ಅದರ ಗತಿ ಬರೆದಿದೆ. ಬಾವಲಿಯ ಕೆಳಗೆ ಕೆಂಪಕ್ಷರದಲ್ಲಿ, ಅಳಿವಿನ ತೀರ ಅಂಚಿನಲ್ಲಿದೆ ಎಂದಿದೆ. ನಮ್ಮ ದ್ವೀಪ ಮತ್ತು ಪಕ್ಕದ ಮೊಹೇಲಿ ಬಿಟ್ಟರೆ ಲೋಕದಲ್ಲೆಲ್ಲೂ ಇಲ್ಲದ ಪ್ರಾಣಿ ಎಂದೂ ಇದೆ. ಸರಿಯಾದ ಮಾತು. ಆದರೆ ಗತಿ ಬರೆದವರಿಗೆ ಗತಿ ಕಾಣಿಸುವ ಹೊಣೆ ಇಲ್ಲವೇ? ಜ್ವರ ಎಷ್ಟೆಂದು ಬರೆದು ಹೊರಟುಹೋಗುವ ವೈದ್ಯನನ್ನು ಯಾರಾದರೂ ಮತ್ತೆ ಮನೆಗೆ ಕರೆಯುತ್ತಾರೆಯೇ?

ಈಗ ನನ್ನ ನಿಜವಾದ ಕಷ್ಟಕ್ಕೆ ಬರುತ್ತೇನೆ. ನನ್ನ ಮಗಳು ಝುಹೂರಾಳ ಮದುವೆ ಗೊತ್ತಾಗಿದೆ. ನಮ್ಮಲ್ಲಿ ಮಗಳಿಗೆ ಮನೆ ಕಟ್ಟಿಕೊಟ್ಟ ಮೇಲೆಯೇ ಅಳಿಯ ಹೊಸ್ತಿಲು ದಾಟುವುದು. ಅಡಿಪಾಯ ಹಾಕಿಸಿದ್ದೇನೆ, ಗೋಡೆ ಎದ್ದಿಲ್ಲ. ಗೋಡೆಗೆಂದು ನಂಬಿದ್ದ ಬೆಳೆಯನ್ನು ತಾವು ಕೀಳಿಸಿದಿರಿ. ಇಲಾಂಗ್ ಎಂಬ ಪರಿಮಳದ ಹೂವಿನ ಎಣ್ಣೆ ಇಳಿಸುವ ಮ್ಕಾದರನ ಭಟ್ಟಿಗೆ ಹಗಲೂ ರಾತ್ರಿ ಸೌದೆ ಬೇಕು. ಮರವನ್ನು ಕೊಳ್ಳುವ ಮಾತೆತ್ತಿಕೊಂಡು ಅವನು ಪ್ರತಿ ಶುಕ್ರವಾರ ನನ್ನ ಜಗಲಿಯಲ್ಲಿ ಬಂದು ಕೂರುತ್ತಾನೆ.

"ಹೆಂಗೂ ಬೀಳೋ ಮರ ಅಕ್ಕ. ಬಿದ್ರೆ ಕಣಿವೆ ಪಾಲು. ಈಗ ಹೂಂ ಅಂದ್ರೆ ಮಗಳ ಮನೆಗೆ ಗೋಡೆನೂ ಏಳುತ್ತೆ, ಮಾಡೂ ಏರುತ್ತೆ."

"ಅಲ್ಲಿ ಬಾವಲಿ ಇವೆ ಕಣೋ."

"ಅವಕ್ಕೇನಕ್ಕ, ಬೇರೆ ಮರ ಹುಡುಕ್ಕೋತವೆ."

"ಯಾವ ಮರ? ನಿನ್ನ ಭಟ್ಟಿಗೆ ಹೋಗ್ದೆ ಉಳ್ದಿರೋ ಮರ ಒಂದು ತೋರ್ಸು ನೋಡೋಣ."

ಅವನು ನಕ್ಕು ಎದ್ದು ಹೋಗುತ್ತಾನೆ. ಒಳಗಿನಿಂದ ಮಗಳು ಕೇಳುತ್ತಾಳೆ: "ಅವು ತಲೆಕೆಳಗಾಗಿ ನೇತಾಡಿಕೊಂಡೇ ಹುಟ್ಟಿದವು. ನನ್ನ ಮದ್ವೆನೂ ಹಂಗೇ ನೇತಾಡ್ಬೇಕೇನಮ್ಮ?" ಅವಳು ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಮರ ಕಡಿಯುವುದಿಲ್ಲವೆಂದು ತಮಗೆ ಮಾತು ಕೊಟ್ಟವನು ದೊಯಿಹಿರ್. ಬೇಕಾದರೆ ಅವನನ್ನೇ ಹಿಡಿದುಕೊಳ್ಳಿ, ಅವನು ತನ್ನದಲ್ಲದ ಮರವನ್ನು ಕಡಿಯದೆ ಸುಮ್ಮನಿದ್ದು ಮಾತು ಉಳಿಸಿಕೊಳ್ಳುತ್ತಾನೆ. ನಾನು ಯಾರಿಗೂ ಮಾತು ಕೊಟ್ಟಿಲ್ಲ. ಇವತ್ತಿನವರೆಗೆ ಆ ಮರ ನಿಂತಿರುವುದು ತಮ್ಮ ಚಿತ್ರಪಟದಿಂದಲ್ಲ, ರೇಡಿಯೋ ಭಾಷಣದಿಂದಲ್ಲ, ಪ್ರತಿ ಶುಕ್ರವಾರ ನಾನು ಇಲ್ಲ ಅನ್ನುತ್ತಿರುವುದರಿಂದ. ಮಗಳಿಗೆ ಕೇಳಿಸುವಂತೆ ಇಲ್ಲ ಅನ್ನುವುದು ದಿನದಿಂದ ದಿನಕ್ಕೆ ಕಷ್ಟವಾಗುತ್ತಿದೆ.

ಆದ್ದರಿಂದ ನಾನು ಬೇಡುತ್ತಿಲ್ಲ, ಹೇಳುತ್ತಿದ್ದೇನೆ. ಮುಂದಿನ ಮಳೆಗಾಲಕ್ಕೆ ಮೊದಲು ಬನ್ನಿ. ಬಾಂಗ್ವೆ ಕಟ್ಟೆಗಲ್ಲ, ನನ್ನ ಅಂಗಳಕ್ಕೆ. ಚಾಪೆ ಹಾಕುತ್ತೇನೆ, ಕೂತು ಮಾತಾಡಿ. ಮರದ ಬುಡಕ್ಕೆ ಕಲ್ಲಿನ ತಡೆಗೋಡೆ ಕಟ್ಟಿಸಿ. ಕಿತ್ತ ಬೆಳೆಗೆ ಪರಿಹಾರ ಕೊಡಿ. ನಮ್ಮೂರಿಗೆ ನೀರು ತನ್ನಿ. ಹೊಸ ಒಪ್ಪಂದದಲ್ಲಿ ನನ್ನ ಹೆಸರಿರಲಿ. ನಾನು ಕೊಟ್ಟ ಮಾತನ್ನು ನಾನು ಉಳಿಸಿಕೊಳ್ಳುತ್ತೇನೆ, ನನ್ನ ನಂತರ ಝುಹೂರಾ ಉಳಿಸಿಕೊಳ್ಳುತ್ತಾಳೆ.

ಬರದಿದ್ದರೆ, ಒಂದು ಶುಕ್ರವಾರ ನಾನು ಮ್ಕಾದರನಿಗೆ ಹೂಂ ಅನ್ನುತ್ತೇನೆ. ಆಮೇಲೆ ನನಗೆ ಬಹಳ ದಿನ ನಿದ್ದೆ ಬರಲಿಕ್ಕಿಲ್ಲ. ಆದರೆ ನನ್ನ ಮಗಳಿಗೆ ಮನೆಯಿರುತ್ತದೆ.

ಇಂತಿ,
ತಮ್ಮ ಕಚೇರಿಯ ಲೆಕ್ಕದಲ್ಲಿ ದೊಯಿಹಿರನ ತಂಗಿ,
ಊರಿನ ಲೆಕ್ಕದಲ್ಲಿ ಮರದ ಒಡತಿ,
ಜೈತೂನಿ ಅಲಾವಿ