ನಾನು ಸೈಕಲ್ಲಿನಿಂದ ಇಳಿಯಲಿಲ್ಲ

ಸಿಂದಗಿ
ಶನಿವಾರ, 22 ಫೆಬ್ರುವರಿ 2025, ಮಧ್ಯಾಹ್ನ

ಪ್ರೀತಿಯ ಯಾಸ್ಮಿನ,

ಎರಡು ಓಣಿ ಆಚೆ ಇರುವವಳು ಕಾಗದ ಬರೆಯುವುದೆಂದರೇನು ಎಂದು ನೀನು ನಗಬಹುದು. ಬೆಳಿಗ್ಗೆಯಿಂದ ಮೂರು ಸಲ ನಿನಗೆ ಫೋನು ಹಚ್ಚಿ, ರಿಂಗಾಗುವ ಮೊದಲೇ ಕತ್ತರಿಸಿದ್ದೇನೆ. ಮೆಸೇಜು ಬರೆದರೆ ಅಳಿಸಿಬಿಡುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು. ಕಾಗದವಾದರೆ ನಿನ್ನ ಮನೆಯ ಬಾಗಿಲ ಸಂದಿಯಲ್ಲಿ ತೂರಿಸಿ ಬಂದ ಮೇಲೆ ವಾಪಸು ತೆಗೆಯಲು ಬರುವುದಿಲ್ಲ.

ಆ ಕುರುಬ ಮಾಳಿಂಗನ ನಾಯಿ ನಿನ್ನೆ ಸತ್ತಿದೆ. ಅಮೋಘಸಿದ್ಧ ಬೆಳಿಗ್ಗೆ ನಿನಗೆ ಹೇಳಿ, ಆಮೇಲೆ ನನಗೆ ಫೋನು ಮಾಡಿದ. "ಯಾಸ್ಮಿನ, ಸುವರ್ಣಾಗ ಈಗಿಂದೀಗ ಹೇಳು ಅಂದ್ಲು. ಅಕಿ ದನಿ ನಡಗಾಕತ್ತಿತ್ತು" ಎಂದ. ಎರಡು ಇಂಜೆಕ್ಷನ್ ಆಗಿರುವ ನಿನ್ನ ದನಿ ಯಾಕೆ ನಡುಗಬೇಕು ಎಂದು ನನಗೆ ತಿಳಿಯಲಿಲ್ಲ. ನಡುಗಬೇಕಾದವಳು ನಾನು. ಫೋನು ಕೆಳಗಿಟ್ಟು ಅಲ್ಲೇ ನೆಲದ ಮೇಲೆ ಕೂತೆ. ಯಾಕೆಂದರೆ ಯಾಸ್ಮಿನ, ಆ ನಾಯಿ ನನ್ನನ್ನೂ ಕಚ್ಚಿದೆ. ನಿನಗಿಂತ ಮೊದಲು ನನ್ನನ್ನೇ ಕಚ್ಚಿತು.

ಬರೆದೆ. ಇನ್ನು ಉಳಿದದ್ದನ್ನೂ ಬರೆಯುತ್ತೇನೆ, ನಡುವೆ ನನ್ನನ್ನು ಬೈಯಬೇಕೆನಿಸಿದರೆ ಬೈದುಕೊಂಡೇ ಓದು.

ಹೋದ ಶನಿವಾರ ಎಷ್ಟು ಚೆಂದ ಇತ್ತು. ಇಂಡಿಯಿಂದ ಅಮೋಘಸಿದ್ಧ ತನ್ನ ಸೈಕಲ್ ಅಂಗಡಿಗೆ ಬೀಗ ಹಾಕಿ ಬಂದ, ಮುದ್ದೇಬಿಹಾಳದಿಂದ ಅರುಣಕುಮಾರ ಮಾಸ್ತರ ಬಂದರು, ಸಿಂದಗಿಯಿಂದ ನಾವಿಬ್ಬರು. ಮೂರು ದಿಕ್ಕಿನಿಂದ ಸೈಕಲ್ ತುಳಿದು ಬಂದವರು ಬಸವನ ಬಾಗೇವಾಡಿಯಲ್ಲಿ ಕೂಡಿ, ಗಿರಮಿಟ್ಟು ಮಿರ್ಚಿ ತಿಂದು, ಸಂಜೆ ಹೊತ್ತು ಮುಳುಗುವ ಮೊದಲು ಇಂಗಳೇಶ್ವರದಲ್ಲಿ ಅಮೋಘಸಿದ್ಧನ ಅತ್ತೆ ಇಂದ್ರಾಬಾಯಿಯ ಮನೆ ಮುಟ್ಟಿದೆವು. ಅರವತ್ತು ಕಿಲೋಮೀಟರ್ ಡಾಂಬರು ತುಳಿದ ಹುಮ್ಮಸ್ಸಿನಲ್ಲಿ ನಾಳೆ ಹೊಲದ ದಾರಿಯಲ್ಲೇ ಹೋಗೋಣ ಎಂದವಳು ನಾನು. ಇಂದ್ರಾಬಾಯಿ ರೊಟ್ಟಿ ಬಡಿಯುತ್ತಲೇ, "ತೊಗರಿ ಹೊಲ ಖಾಲಿ ಆಗ್ಯಾವ, ಎಲ್ಲಾ ಕಡಿ ಕುರಿ ಇಳದಾವ. ನಾಯಿ ಇರ್ತಾವ ನೋಡವಾ" ಎಂದಳು. ನಿನ್ನ ಕೈಯಲ್ಲಿನ ತುತ್ತು ಅಲ್ಲೇ ನಿಂತಿತು. ಸಣ್ಣವಳಿದ್ದಾಗಿನಿಂದ ನಿನಗೆ ನಾಯಿಯೆಂದರೆ ಜೀವ ಬಾಯಿಗೆ ಬರುತ್ತದೆ.

ಆಗ ನಾನು ಹೊಡೆದುಕೊಂಡ ಜಂಬ ನೆನಪಿದೆಯೇ. ಕನ್ನೊಳ್ಳಿಯ ಕುರಿ ಕಾಯುವ ಮನೆತನದ ಹೆಣ್ಣುಮಗಳು ನಾನು, ನಾಯಿಯ ಶಾಸ್ತ್ರ ನನ್ನನ್ನು ಕೇಳು ಎಂದೆ. "ಹಿಂಡು ಕಂಡ ಕೂಡ್ಲೆ ಸೈಕಲ್ ಮ್ಯಾಲಿಂದ ಇಳೀಬೇಕು. ನಾಯಿಗೂ ನಮಗೂ ನಡುವ ಸೈಕಲ್ ಹಿಡಕೊಂಡು ಸುಮ್ನ ನಿಲ್ಲಬೇಕು, ನಾಯಿ ಹಿಡೀರಿ ಅಂತ ಒದರಬೇಕು. ಓಡಿದವ್ರ ಬೆನ್ನ ಹತ್ತತಾವ, ನಿಂತವರನ್ನ ಮುಟ್ಟೂದಿಲ್ಲ." ನೀನು ಎರಡು ಸಲ ಹೇಳಿಸಿದೆ. ಆಮೇಲೆ, "ನೀನೂ ಇಳೀತೀ ಹೌದಿಲ್ಲೋ" ಎಂದು ಕೇಳಿದೆ. "ನಿನ್ನ ಬಿಟ್ಟು ಎಲ್ಲಿಗೆ ಹೋಗ್ಲೇ" ಎಂದು ನಿನ್ನ ತಲೆಗೆ ಮೊಟಕಿದೆ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎಂದು ನನ್ನಂಥವರನ್ನು ನೋಡಿಯೇ ಹಿರಿಯರು ಹೇಳಿರಬೇಕು.

ಭಾನುವಾರ ಬೆಳಿಗ್ಗೆ ಗಂಡಸರಿಬ್ಬರೂ ಪೈಪೋಟಿ ಹಚ್ಚಿಕೊಂಡು ಮುಂದೆ ಹೋಗಿದ್ದರು. ಬಿರುಕು ಬಿಟ್ಟ ಎರೆ ನೆಲದ ಮೇಲೆ ಗಾಲಿ ಸಿಕ್ಕೀತೆಂದು ನಾವು ಬಂಡಿ ಜಾಡು ಹಿಡಿದು ನಿಧಾನಕ್ಕೆ ಬರುತ್ತಿದ್ದೆವು. ನಾನು ಮುಂದೆ, ನೀನು ನಾಲ್ಕು ಮಾರು ಹಿಂದೆ. ಎಡಗಡೆಯ ಹೊಲದಲ್ಲಿ ಕುರಿಗಳಿದ್ದವು. ನಾಯಿ ಎದ್ದದ್ದನ್ನು ನಾನೇ ಮೊದಲು ನೋಡಿದೆ. ಯಾಸ್ಮಿನ, ಅದು ಬೊಗಳಲಿಲ್ಲ. ಹಿಂಡಿನ ನಾಯಿ ದೂರದಿಂದಲೇ ಬೊಗಳಿ ಊರಿಗೆಲ್ಲ ಸುದ್ದಿ ಮಾಡುತ್ತದೆ, ಹೆದರಿಸುವುದೇ ಅದರ ಕೆಲಸ. ಇದು ತಲೆ ಕೆಳಗೆ ಹಾಕಿ, ಸದ್ದಿಲ್ಲದೆ, ನೆಟ್ಟಗೆ ಬಂತು. ಬಾಯಿಂದ ಜೊಲ್ಲು ಇಳಿಯುತ್ತಿತ್ತು. ಇದು ಶಾಸ್ತ್ರದೊಳಗಿನ ನಾಯಿಯಲ್ಲ ಎಂದು ಕುರಿ ಕಾಯುವವರ ಮಗಳಿಗೆ ಒಂದೇ ನೋಟಕ್ಕೆ ತಿಳಿಯಿತು. ನಿಲ್ಲಬೇಡ, ತುಳಿ, ತುಳಿ ಎಂದು ನಿನಗೆ ಕೂಗಿ ಹೇಳಬೇಕಿತ್ತು. ಬಾಯಿ ತೆರೆಯಲಿಲ್ಲ. ಕಾಲು ಮಾತ್ರ ತುಳಿಯಿತು.

ನೀನು ಇಳಿದೆ. ತಿರುಗಿದಾಗ ಕಣ್ಣಂಚಿಗೆ ಕಂಡಿತು, ಸೈಕಲ್ಲನ್ನು ಮುಂದೆ ಅಡ್ಡ ಹಿಡಿದು, ನಾನು ಕಲಿಸಿದ ಹಾಗೆಯೇ, ನೀನು ಮಿಸುಕದೆ ನಿಂತಿದ್ದೆ. ಅಷ್ಟರಲ್ಲಿ ನಾಯಿ ನನ್ನ ಎಡಗಾಲಿಗೆ ಬಾಯಿ ಹಾಕಿತು, ಸಾಕ್ಸಿನ ಮೇಲೆ, ಪಾದದ ಗಂಟಿಗೆ, ಹರಡಿಗೆ. ಅದನ್ನು ಒದ್ದೆ. ಬಿಟ್ಟು ನಿನ್ನ ಕಡೆ ತಿರುಗಿತು. ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ: ಅದು ನನ್ನನ್ನು ಬಿಟ್ಟಿತೆಂದು ಆ ಗಳಿಗೆ ನನಗೆ ಸಮಾಧಾನವಾಯಿತು.

ಕುರಿ ಹಿಂಡಿನಾಚೆಯ ತೊಗರಿಕಟ್ಟಿಗೆಯ ಬಣವಿಯ ಹಿಂದೆ ಹೋಗಿ ನಿಂತೆ. ನಿನ್ನ ಕೂಗು ಕೇಳಿಸಲಿಲ್ಲ, ಗಾಳಿ ಎದುರಿಗಿತ್ತು ಎಂದು ಆಮೇಲೆ ಎಲ್ಲರಿಗೂ ಹೇಳಿದೆನಲ್ಲ, ಅದು ಸುಳ್ಳು. ಪ್ರತಿಯೊಂದೂ ಕೇಳಿಸಿತು. ಮೊದಲು ನೀನು ನಾಯಿ ಹಿಡೀರಿ ಎಂದೆ, ಆಮೇಲೆ ನನ್ನ ಹೆಸರು ಕರೆದೆ, ಕೊನೆಗೆ ನಿಮ್ಮ ಅಮ್ಮನನ್ನು ಕರೆದೆ. ನಾನು ಹ್ಯಾಂಡಲ್ ಹಿಡಿದುಕೊಂಡು ನಿಂತೇ ಇದ್ದೆ. ಮಾಳಿಂಗ ಬದುವಿನ ಕಡೆಯಿಂದ ಬಡಿಗೆ ಹಿಡಿದು ಓಡಿ ಬಂದದ್ದು ನಿನ್ನ ಕೂಗು ಕೇಳಿ. ನಾನು ಅವನನ್ನು ಕರೆಯಲಿಲ್ಲ. ಅವನು ಬಣವಿ ದಾಟುವಾಗ ಬೆನ್ನ ಹಿಂದೆ ಸೇರಿಕೊಂಡೆ, ಅಷ್ಟೇ. "ಸುವರ್ಣಾ ಕುರುಬನ್ನ ಕರಕೊಂಡು ಬಂದ್ಲಂತ ಬಚಾವಾತು" ಎಂದು ಅಮೋಘಸಿದ್ಧ ಎಲ್ಲರೆದುರು ಹೇಳಿದಾಗ ಇಲ್ಲ ಎನ್ನಬಹುದಿತ್ತು. ನೀನು ತೊಡೆ ಹಿಡಿದುಕೊಂಡು ನನ್ನ ಮುಖ ನೋಡಿದೆ, ಏನೂ ಅನ್ನಲಿಲ್ಲ. ನೋವಿಗೆ ಮಾತು ಹೊರಡುತ್ತಿಲ್ಲ ಎಂದುಕೊಂಡೆ. ನನ್ನ ಸಾಕ್ಸಿನ ರಕ್ತ ನೋಡಿ ಅರುಣಕುಮಾರ ಮಾಸ್ತರ ಕೇಳಿದರು. ಜಾಲಿ ಮುಳ್ಳು ಎಂದೆ. ಒಂದು ಸುಳ್ಳು ಹೇಳಿದವಳಿಗೆ ಎರಡನೆಯದು ಬಾಯಿಪಾಠವೇ ಇರುತ್ತದೆ.

ನಿನಗೆ ಅಮ್ಮ ಬೇಕೆಂದು ಜೀಪು ಮಾಡಿಕೊಂಡು ಸಿಂದಗಿಗೇ ಬಂದೆವು. ದವಾಖಾನೆಯಲ್ಲಿ ನಿನಗೆ ಸೂಜಿ ಚುಚ್ಚುವಾಗ ನಿನ್ನ ಚೀಲ ಹಿಡಿದು ಪಕ್ಕದಲ್ಲಿ ಕೂತವಳು ನಾನು. ಬುಧವಾರವೂ ಕೂತೆ. ಆ ದಿನ ನರ್ಸ್ ಭಾಗ್ಯಾ ಸಿಸ್ಟರ್ ನನ್ನತ್ತ ತಿರುಗಿ, "ನಿಮಗೇನರ ಹಲ್ಲು ತಾಕೇತೇನ್ರಿ? ಒಂದು ಗೀರು ಆಗಿದ್ರೂ ಸೂಜಿ ತಗೋಬೇಕ್ರಿ" ಎಂದಳು. ಕುಂಬಳಕಾಯಿ ಕಳ್ಳನ ಹಾಗೆ ಕಾಲನ್ನು ಬೆಂಚಿನ ಅಡಿಗೆ ಎಳೆದುಕೊಂಡೆ. "ಇಲ್ರಿ, ನಾ ಮುಂದಿದ್ದೆ" ಎಂದೆ. ಹೌದು ಅಂದಿದ್ದರೆ, ನಾಯಿ ಬಂದಾಗ ನಾನು ಎಲ್ಲಿದ್ದೆ, ಏನು ಮಾಡಿದೆ ಎಂದು ನಿನ್ನೆದುರಿಗೇ ಹೇಳಬೇಕಾಗುತ್ತಿತ್ತು. ಆ ರಾತ್ರಿ ನಿಮ್ಮ ಮನೆಯಲ್ಲಿ ಶಮ್ಶುನ್ನೀಸಾ ಚಾಚಿ ನನ್ನ ತಟ್ಟೆಗೆ ತಾನೇ ಬಡಿಸಿ, "ನನ್ನ ಮಗಳ ಜೀವ ಉಳಿಸಿದಾಕಿ" ಎಂದು ತಲೆ ಸವರಿದಳು. ಉಂಡೆ. ನಾಚಿಕೆಗೆಟ್ಟು ಎರಡನೇ ಸಲ ಹಾಕಿಸಿಕೊಂಡೂ ಉಂಡೆ.

ಒಂಬತ್ತನೇ ತರಗತಿಗೆ ವಿಜ್ಞಾನ ಹೇಳುವವಳು ನಾನು. ಕಚ್ಚಿದ ನಾಯಿಗೆ ಹುಚ್ಚು ಹಿಡಿದಿದೆಯೋ ಎಂದು ಹತ್ತು ದಿನ ನೋಡಬೇಕು, ಆದರೆ ಸೂಜಿಗೆ ಕಾಯಬಾರದು ಎಂದು ಬೋರ್ಡಿನ ಮೇಲೆ ನಾನೇ ಬರೆಯುತ್ತೇನೆ. ಆದರೂ ಹತ್ತು ದಿನ ಹೇಗಾದರೂ ದಾಟಲಿ, ನಾಯಿ ಬದುಕಿರಲಿ, ನನ್ನ ಸುಳ್ಳೂ ಬದುಕಿರಲಿ ಎಂದು ದಿನ ಎಣಿಸುತ್ತಿದ್ದೆ. ಐದನೇ ದಿನಕ್ಕೆ ಅದು ಸತ್ತಿತು. ಮಾಳಿಂಗ ತಾನಾಗಿಯೇ ಅಮೋಘಸಿದ್ಧನಿಗೆ ಫೋನು ಮಾಡಿ, "ಕಚ್ಚೂಕಿಂತ ಎರಡು ದಿನ ಮೊದ್ಲ ಕೂಳು ಬಿಟ್ಟಿತ್ರಿ, ಅವತ್ತ ಹೇಳಬೇಕಿತ್ತು, ಅಂಜಿ ಹೇಳಲಿಲ್ರಿ. ನಾನೂ ಸೂಜಿ ತಗೊಂಡೇನಿ. ಅಕ್ಕಾರಿಗೆ ತಪ್ಪದ ತಗೋ ಅನ್ರಿ" ಎಂದನಂತೆ. ಬೈಗುಳ ತಿನ್ನುವುದು ಗೊತ್ತಿದ್ದೂ ಹೇಳಿದ. ಅವನಿಗಿದ್ದ ನಿಯತ್ತು ನನಗಿರಲಿಲ್ಲ.

ಈಗ ನನಗೆ ಹೆದರಿಕೆ. ಬೇರೆ ಮಾತೇ ಇಲ್ಲ, ಹೆದರಿಕೆ. ಬೆಳಿಗ್ಗೆಯಿಂದ ತಂಬಿಗೆ ಎತ್ತುವ ಮೊದಲು ನಿಲ್ಲುತ್ತೇನೆ, ನೀರು ಇಳಿಯುತ್ತದೋ ಇಲ್ಲವೋ ಎಂದು ಗಂಟಲಿನ ಮೇಲೆ ಕೈ ಇಟ್ಟು ಕುಡಿಯುತ್ತೇನೆ. ಇಳಿಯುತ್ತದೆ. ಹತ್ತು ನಿಮಿಷಕ್ಕೆ ಮತ್ತೆ ಕುಡಿದು ನೋಡುತ್ತೇನೆ. ಹರಡಿಯ ಗಾಯ ಚುಮುಚುಮು ಅನ್ನುತ್ತಿದೆ, ನಿಜವಾಗಿಯೋ ನನ್ನ ಭ್ರಮೆಯೋ ತಿಳಿಯದು. ಆ ರೋಗದವರು ಗಾಳಿಗೂ ಅಂಜುತ್ತಾರೆ ಎಂದು ಓದಿದ್ದೇನೆ, ಫ್ಯಾನಿನ ಗಾಳಿ ಮುಖಕ್ಕೆ ಬಡಿದರೂ ಎದೆ ಧಸಕ್ಕೆನ್ನುತ್ತದೆ. ಆರು ದಿನ ಕಳೆದಿವೆ, ಇನ್ನೂ ಹೊತ್ತಿದೆ ಎಂದು ಓದಿದ ತಲೆ ಹೇಳುತ್ತದೆ, ಮನಸ್ಸು ಕೇಳುವುದಿಲ್ಲ. ಸಾಯುವ ಭಯದ ಜೊತೆಗೆ ಇನ್ನೊಂದಿದೆ. ನಾನು ಸತ್ತರೆ ನೀನು ನಿಜ ಗೊತ್ತಿಲ್ಲದೆ, ಜೀವ ಉಳಿಸಿದ ಗೆಳತಿಯೆಂದು ನನಗಾಗಿ ಅಳುತ್ತೀ. 

ಈಗ ದವಾಖಾನೆಗೆ ಹೊರಟಿದ್ದೇನೆ. ನಿನ್ನನ್ನು ಕರೆಯುವುದಿಲ್ಲ, ಆ ಮುಖ ನನಗಿಲ್ಲ. ಬರುವಾಗ ಈ ಕಾಗದ ನಿನ್ನ ಬಾಗಿಲಿಗೆ ಹಾಕುತ್ತೇನೆ. ಚಾಚಿಗೆ ನೀನು ಹೇಳಬೇಡ, ನಾನೇ ಬಂದು ಹೇಳುತ್ತೇನೆ.

ನಿನ್ನನ್ನು ಹೊಲದಲ್ಲಿ ನಿಲ್ಲಿಸಿ ಹೋದ,
ಸುವರ್ಣಾ

ತಾ.ಕ.: ಸಂಜೆ ಐದು ಗಂಟೆ, ದವಾಖಾನೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಸೂಜಿ ಆಯಿತು, ಗಾಯದ ಸುತ್ತಲೂ ಚುಚ್ಚಿದರು, ತಡವಾದರೂ ಬಂದದ್ದು ಒಳ್ಳೆಯದಾಯಿತು ಎಂದರು ಡಾಕ್ಟರು. ನಾಯಿ ಕಚ್ಚಿದೆ ಎಂದಷ್ಟೇ ನಾನು ಹೇಳಿದ್ದು. ಭಾಗ್ಯಾ ಸಿಸ್ಟರ್ ಸ್ಟೂಲು ಎಳೆದು, "ಎಡಗಾಲ ಮ್ಯಾಲ ಇಡ್ರಿ" ಎಂದಳು. ಎಡಗಾಲೆಂದು ಹೇಗೆ ಗೊತ್ತು ಎಂದು ಕೇಳಿದೆ. "ಭಾನುವಾರನ ಯಾಸ್ಮಿನ ಮೇಡಂ ಹೇಳಿದ್ರಲ್ರಿ. ನಾಯಿ ಮೊದ್ಲ ಅಕಿಗೇ ಹಿಡೀತು, ನಾ ನೋಡೇನಿ, ತಾನಾಗೇ ಹೇಳ್ತಾಳ ಅಂದಿದ್ರು. ಬುಧವಾರ ತಡಕೊಳ್ಳಾಕ ಆಗದ, ನೀವರ ಒಮ್ಮೆ ಕೇಳ್ರಿ ಅಂತ ನನಗ ಕೈ ಮುಗದ್ರು" ಎಂದಳು. ಹಾಗಾದರೆ ನೀನು ಎಲ್ಲ ನೋಡಿದ್ದೆ. ಚಾಚಿ ನನಗೆ ಬಡಿಸುವಾಗಲೂ ಗೊತ್ತಿತ್ತು. ನಾಳೆ ನಿನ್ನ ಮೂರನೇ ಸೂಜಿಗೆ ಬಂದು ಬಾಗಿಲ ಹೊರಗೆ ನಿಲ್ಲುತ್ತೇನೆ, ಬೇಡವೆಂದರೆ ಹೋಗುತ್ತೇನೆ. ನನ್ನ ಎರಡನೆಯದು ಮಂಗಳವಾರ. ಒಬ್ಬಳೇ ಹೋಗಲು ಹೆದರಿಕೆಯಾಗುತ್ತದೆ, ಬರುತ್ತೀಯಾ?